97 ಮಕ್ಕಳಿಗೆ ಬೇಸರ ಬರುವುದಿಲ್ಲ

ನೂರು ಮತ್ತು ಅದಕ್ಕಿಂತ ಹೆಚ್ಚು ಮಕ್ಕಳಿರುವ ವಿದ್ಯಾಸಂಸ್ಥೆಗಳಲ್ಲಿ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು ಇರಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ನೀವೂ ಓದಿರುತ್ತೀರಿ. ನಾನು ಓದಿ ಖುಷಿಪಟ್ಟು, ನಮ್ಮೂರ ಹೈಸ್ಕೂಲಿಗೆ ಹೋಗಿ ಮಕ್ಕಳೆಷ್ಟು ಅಂತ ವಿಚಾರಿಸಿದೆ. 97. ನಮ್ಮ ಮಕ್ಕಳಿಗೆ ಕಾಯ್ದೆಪ್ರಕಾರ ಬೇಸರ ಬರಬೇಕೆಂದರೆ ಇನ್ನು ಮೂವರನ್ನು ಎಲ್ಲಿಂದಲಾದರೂ ಹಿಡಿದು ತರಬೇಕು. ನೂರಕ್ಕಿಂತ ಕಡಿಮೆ ಇದ್ದರೆ ಹೊರಗಿನ ಮನೋತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕಂತೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ಕಾಡಿನ ಕಡೆ ಶಾಲೆಯಿಂದ ಹೊರಗೆ ಬಂದರೆ ಸಿಗುವುದು ಮಂಗಟ್ಟೆ ಹಕ್ಕಿ. ಕೊಕ್ಕು ಭಾರೀ ದೊಡ್ಡದು. ಕಿವಿಯ ಬಗ್ಗೆ ಖಾತ್ರಿ ಕೊಡಲಾರೆ.

ಕೋರ್ಟಿನ ಮೇಲೆ ನನಗೆ ಸಿಟ್ಟಿಲ್ಲ, ಹೇಳಿದ್ದು ಸರಿಯೇ. ಬೋಧಕರು, ಬೋಧಕೇತರರು ಎಲ್ಲರಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಕೊಡಿ ಅಂತಲೂ ಅದರಲ್ಲಿದೆ. ನಮ್ಮ ಶಾಲೆಯಲ್ಲಿ ಬೋಧಕೇತರ ಅಂದರೆ ಒಂದು ಕುರ್ಚಿ, ಒಂದು ಗೋದ್ರೇಜ್ ಕಪಾಟು. ಕಾರಕೂನರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಸಿಪಾಯಿ ಹುದ್ದೆ ಅದಕ್ಕೂ ಮೊದಲಿನಿಂದ ಖಾಲಿ. ಗಂಟೆಯನ್ನು ಎಂಟನೇ ಕ್ಲಾಸಿನ ಹುಡುಗರು ಪಾಳಿಯ ಮೇಲೆ ಹೊಡೆಯುತ್ತಾರೆ, ಅದೊಂದೇ ಸಮಯಕ್ಕೆ ಸರಿಯಾಗಿ ನಡೆಯುವುದು. ಕುರ್ಚಿಯಲ್ಲಿ ಈಗ ಡ್ರಾಯಿಂಗ್ ಮಾಸ್ತರು. ಒಂದು ಕಾಲಕ್ಕೆ ಕಾಳಿ ನದಿ, ಸೇತುವೆ, ಹಿಂದೆ ಮುಳುಗುವ ಸೂರ್ಯ ಅಂತ ಬಿಡಿಸುತ್ತಿದ್ದರು. ಸೇತುವೆ 2024ರ ಆಗಸ್ಟಿನಲ್ಲಿ ಬಿತ್ತು, ಮಾಸ್ತರು ಈಗ ಬಿಡಿಸುವುದು ಬರೇ ಕಾಲಂ.

ಇವರ ಕೆಲಸ ನೋಡಬೇಕು ನೀವು. ಮಕ್ಕಳ, ಶಾಲೆಯ ಮಾಹಿತಿ ತುಂಬುವ ಸ್ಯಾಟ್ಸ್, ಯುಡೈಸ್ ಎಂಬ ಸರಕಾರಿ ಜಾಲತಾಣಗಳು, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ತಿಂದವರೆಷ್ಟು ಬಾಳೆಹಣ್ಣು ತಿಂದವರೆಷ್ಟು. ಮೇಲೆ ಅಪಾರ್ ಐಡಿ. ಒಬ್ಬೊಬ್ಬ ವಿದ್ಯಾರ್ಥಿಯ ಗುರುತಿಗೆ ಕೊಡುವ ಹನ್ನೆರಡು ಅಂಕಿಯ ಈ ನಂಬರಿಗೆ ಹೆಸರಿಟ್ಟ ಪುಣ್ಯಾತ್ಮರಿಗೆ ಕನ್ನಡ ಬರುತ್ತಿತ್ತೇನೋ, ತಾಪತ್ರಯಕ್ಕೆ ಅಷ್ಟು ಚೆನ್ನಾಗಿ ಹೊಂದಿದೆ. ಆಧಾರಿನಲ್ಲಿರುವ ಹೆಸರೂ ಶಾಲೆಯ ದಾಖಲೆಯ ಹೆಸರೂ ಒಂದೇ ಇರಬೇಕು. ನಮ್ಮ ಜಿಲ್ಲೆಯಲ್ಲಿ! ಹೆಗಡೆ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಜಿ ಆದಮೇಲೆ ಒಂದು ಎ ಹಾಕುವವರಿದ್ದಾರೆ, ನುಂಗುವವರಿದ್ದಾರೆ. ಒಂದೇ ಮನೆಯಲ್ಲಿ ಅಣ್ಣ ಹಾಕಿ ತಮ್ಮ ನುಂಗಿದ್ದೂ ಇದೆ. ಅಂಕೋಲೆಯಲ್ಲಿ ನಾಯ್ಕರು ಬೇರೆ, ನಾಯಕರು ಬೇರೆ. ಇದು ಊರಿನ ಮೂರು ವರ್ಷದ ಕೂಸಿಗೂ ಗೊತ್ತು, ಆಧಾರ್ ಸೆಂಟರಿನ ಹುಡುಗನಿಗೆ ಗೊತ್ತಿಲ್ಲ. ಅವನು ಒಂದು ಅಕ್ಷರ ಒತ್ತಿದ, ಇಡೀ ಕುಟುಂಬದ ಜಾತಿಯೇ ಬದಲಾಯಿತು. ಅಜ್ಜ ಇನ್ನೂ ಅವನನ್ನು ಹುಡುಕುತ್ತಿದ್ದಾನೆ.

ವಿದ್ಯಾರ್ಥಿವೇತನದ್ದು ಇನ್ನೊಂದು ಕತೆ. ಅರ್ಜಿ ತುಂಬಿದರೆ ಒಟಿಪಿ ಹೋಗುವುದು ಅಪ್ಪನ ಮೊಬೈಲಿಗೆ. ಅಪ್ಪ ಕಾರವಾರದ ಬೈತಖೋಲ ಬಂದರಿನಿಂದ ಬೋಟು ಹತ್ತಿ ಹೋದವನು ಸಮುದ್ರದ ಮಧ್ಯೆ ಇದ್ದಾನೆ. ಒಟಿಪಿಯ ಆಯುಷ್ಯ ಕೆಲವೇ ನಿಮಿಷ, ಬೋಟು ಬರುವುದು ವಾರಕ್ಕೆ. ಹಾಗಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್, ಅಪ್ಪ ಮನೆಯಲ್ಲೇ ಇರುತ್ತಾನಲ್ಲ ಅಂದಿರಾ? ಇರುತ್ತಾನೆ. ಆಗ ಕರೆಂಟು ಇರುವುದಿಲ್ಲ. ಕರೆಂಟು ಬಂದರೆ ಟವರು ಇಲ್ಲ. ಎರಡೂ ಬಂದ ದಿನ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟಿರುತ್ತಾರೆ.

ಸುತ್ತೋಲೆಗಳಿಗೆ ಮಾತ್ರ ಮಳೆಗಾಲವಿಲ್ಲ. ಉತ್ತರ ಕನ್ನಡ ಎರಡು ಶೈಕ್ಷಣಿಕ ಜಿಲ್ಲೆ ಕಂಡ ಶ್ರೀಮಂತ ಜಿಲ್ಲೆ, ಕರಾವಳಿಗೆ ಕಾರವಾರ, ಘಟ್ಟದ ಮೇಲಿನವರಿಗೆ ಶಿರಸಿ. ಕೇಳುವವರಿಗೆ ಬರಗಾಲವಿಲ್ಲ. ಮಧ್ಯಾಹ್ನ ಮೂರಕ್ಕೆ ವಾಟ್ಸಾಪಿನಲ್ಲಿ ‘ಅತೀ ಜರೂರು’ ಬರುತ್ತದೆ, ಐದರೊಳಗೆ ಮಾಹಿತಿ ಹೋಗಬೇಕು.

ಮೊನ್ನೆ ಅಣ್ಣನ ಮಗನ ಟಿಸಿಗೆ ಹೋದಾಗಲೂ ಮೂರು ಗಂಟೆಯ ಹೊತ್ತೇ. ಮಾಸ್ತರಿಗೆ ಒಂದು ದಿನದ ತರಬೇತಿ ಕೊಟ್ಟು ಆಪ್ತಸಮಾಲೋಚಕರನ್ನಾಗಿ ಮಾಡಿದ್ದರಂತೆ. ಊಟ ಚೊಲೋ ಇತ್ತು ಅಂದರು. ಬಾಗಿಲಲ್ಲಿ ಒಂಬತ್ತನೇ ಕ್ಲಾಸಿನ ಒಂದು ಹುಡುಗಿ, ಕೊಡೆಯಿಂದ ನೀರು ಸೋರಿ ಕಾಲ ಬುಡದಲ್ಲಿ ಹಳ್ಳ ಆಗಿತ್ತು. ಕಣ್ಣು ಊದಿತ್ತು.

‘ಸ್ವಲ್ಪ ತಡಿಯೇ ತಂಗಿ, ಈಗಷ್ಟೇ ಸರ್ವರ್ ಬಂತು.’

ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಹತ್ತು ನಿಮಿಷ ನಿಂತಳು, ಹೋದಳು. ಮಾಸ್ತರು ತುಂಬುತ್ತಿದ್ದುದು ಏನು ಅಂತ ಬಗ್ಗಿ ನೋಡಿದೆ: ‘ಈ ತಿಂಗಳು ಆಪ್ತಸಮಾಲೋಚನೆ ಪಡೆದ ವಿದ್ಯಾರ್ಥಿಗಳ ಸಂಖ್ಯೆ.’

ಇಲ್ಲಿಗೆ ನನ್ನ ತಮಾಷೆ ನಿಂತುಹೋಯಿತು. ಆ ಮಾಸ್ತರು ಕೆಟ್ಟವರಲ್ಲ, ಮಕ್ಕಳ ಮೇಲೆ ಜೀವ ಇಟ್ಟವರು. ಒಬ್ಬ ಮನುಷ್ಯನಿಂದ ಪಾಠವನ್ನೂ ಕಿತ್ತುಕೊಂಡು, ಕಾರಕೂನನನ್ನೂ ಕೊಡದೆ, ಮಕ್ಕಳ ಕಣ್ಣೀರಿನ ಜವಾಬ್ದಾರಿಯನ್ನೂ ಹೊರಿಸಿ, ಅದರ ಲೆಕ್ಕವನ್ನು ಐದರೊಳಗೆ ಕಳಿಸು ಅನ್ನುವವರಿಗೆ ನಾಚಿಕೆ ಆಗಬೇಕು. ಹತ್ತು ವರ್ಷದಿಂದ ಇದನ್ನೇ ಬೇರೆ ಬೇರೆ ಹೆಸರಿನಲ್ಲಿ ಬರೆಯುತ್ತಿದ್ದೇನೆ. ನನಗೂ ಬೇಜಾರು ಬಂದಿದೆ.

ಹೊರಗೆ ಬಂದರೆ ಅಡುಗೆ ಕೋಣೆಯ ಕಟ್ಟೆಯ ಮೇಲೆ ಆ ಹುಡುಗಿ ಕೂತಿದ್ದಳು. ಬಿಸಿಯೂಟದ ಅಕ್ಕ ಪಾತ್ರೆ ತಿಕ್ಕುವುದು ಬಿಟ್ಟು, ಬೂದಿಯ ಕೈಯಲ್ಲೇ ಪಕ್ಕ ಕೂತು ಕೇಳುತ್ತಿದ್ದಳು, ‘ಮಧ್ಯಾಹ್ನ ಊಟಾನೂ ಮಾಡ್ಲಿಲ್ಲ ನೀನು. ಎಂತ ಆಯ್ತೇ, ಮನೇಲಿ ಮತ್ತೆ ಜಗಳನಾ?’

ಹಿಂದಿನಿಂದ ಮಾಸ್ತರು ಕಿಟಕಿಯಲ್ಲಿ ಕೂಗಿದರು, ‘ನಿಮ್ಮ ಟಿಸಿ ಇವತ್ತು ಆಗೂದಿಲ್ಲ ಮಾರಾಯ್ರೇ. ನಾಳೆ ಬನ್ನಿ, ಕರೆಂಟ್ ಇದ್ರೆ.’