ಗೂಡಿಗೆ ಪರದೆ, ಕೋಳಿಗೆ ಮುತ್ತು

ಕೋಳಿಗೆ ಮುತ್ತಿಡಬೇಡಿ, ಎದೆಗವಚಿ ಮುದ್ದಾಡಬೇಡಿ, ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಎಂಬ ರೋಗಾಣು ತಗುಲೀತು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರ ಮೇ ತಿಂಗಳಲ್ಲಿ ಹೇಳಿದ್ದು ನೆನಪಿರಬೇಕು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಮ್ಮ ನಗು ನಿಂತರೂ ಆ ಸಲಹೆ ನಿಂತಿಲ್ಲ, ಮತ್ತೆ ಮತ್ತೆ ಬರುತ್ತಲೇ ಇದೆ. ಅಂದರೆ ಮುತ್ತೂ ನಿಂತಿಲ್ಲ.

ಆ ಸಾಲಿನ ಕರಡು ಬರೆದ ಪುಣ್ಯಾತ್ಮರ ಬಗ್ಗೆ ನನಗೆ ಅಪಾರ ಗೌರವ. ಸೂಕ್ಷ್ಮಾಣುಗಳ ಬಗ್ಗೆ ಹತ್ತಾರು ವರ್ಷ ಓದಿ, ಕಣ್ಣಿಗೆ ದಪ್ಪ ಕನ್ನಡಕ ಬರಿಸಿಕೊಂಡು, ಕೊನೆಗೊಂದು ದಿನ ‘ಕೋಳಿಗೆ ಮುತ್ತಿಡಬೇಡಿ’ ಎಂದು ಟೈಪ್ ಮಾಡುವ ಗತಿ ಬಂದಿರಬೇಕು. ಮೇಲಧಿಕಾರಿ ಅದನ್ನೋದಿ ‘ಹುಂಜಕ್ಕೂ ಅನ್ವಯವೇ?’ ಎಂದು ಷರಾ ಬರೆದಿರಬಹುದು. ಕಡತ ಮೂರು ಮೇಜು ಸುತ್ತಿ ಬರುವಷ್ಟರಲ್ಲಿ ಇನ್ಯಾರೋ ಬಾತುಕೋಳಿಯನ್ನೂ ಸೇರಿಸಿ ಎಂದಿರಬಹುದು. ನ್ಯಾಯವೇ. ಕೋಳಿ ಬೇಡವೆಂದರೆ ಬಾತಿನ ಕಡೆ ಮುಖ ತಿರುಗಿಸುವ ಜನ ನಾವು.

ಮುತ್ತಿನ ಕಥೆ ಹಾಗಿರಲಿ. ಹಿತ್ತಲ ಕೋಳಿಗೂಡಿನ ವಿಡಿಯೋಗಳನ್ನು ನೋಡಿದ್ದೀರಲ್ಲ? ಕಿಟಕಿಗೆ ಲೇಸಿನ ಪರದೆ, ಬಾಗಿಲಿಗೆ ನಾಮಫಲಕ, ಮಾಡಿನ ಅಂಚಿಗೆ ಸೀರಿಯಲ್ ಸೆಟ್, ಮೊಟ್ಟೆ ಇಡುವ ಪೆಟ್ಟಿಗೆಗೆ ತಿಳಿ ಗುಲಾಬಿ ಬಣ್ಣ. ಕ್ಯಾಮೆರಾ ಎಲ್ಲ ಕಡೆ ಹೋಗುತ್ತದೆ, ಕೋಳಿ ಕೂತು ಮಲಗುವ ಅಡ್ಡಕೋಲಿನ ಕೆಳಗೆ ಮಾತ್ರ ಹೋಗುವುದಿಲ್ಲ. ರಾತ್ರಿಯಿಡೀ ಕೂತಲ್ಲಿಂದಲೇ ಹಾಕಿದ ಹಿಕ್ಕೆಯೆಲ್ಲ ಬಿದ್ದಿರುವುದು ಅಲ್ಲಿ. ಅಲ್ಲೊಂದು ಹಲಗೆ ಇಟ್ಟು ಬೆಳಗ್ಗೆ ಕೆರೆದು ಹಾಕಿದರೆ ಗೂಡಿನ ಅರ್ಧ ಕೊಳಕು ಅಲ್ಲಿಗೇ ಮುಗಿಯುತ್ತದೆ. ಆದರೆ ಕೆರೆಯುವ ಕೈಗೆ ಲೈಕ್ ಬೀಳುವುದಿಲ್ಲ.

‘ಕೋಳಿ ಸಾಕಿದ ಮೇಲೆ ವಾಸನೆ ಇದ್ದೇ ಇರುತ್ತೆ ಬಿಡ್ರೀ’ ಎನ್ನುವ ತತ್ವಜ್ಞಾನಿಗಳಿಗೂ ನಮಸ್ಕಾರ. ಹಿಕ್ಕೆಗೆ ತೇವ ತಾಗಿದರೆ ಅಮೋನಿಯಾ ಏಳುತ್ತದೆ. ಗಾಳಿಯಲ್ಲಿ ಅದು 25 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 25 ಪಾಲು, ದಾಟಿತೆಂದರೆ ಕೋಳಿಯ ಕಣ್ಣಿಗೂ ಶ್ವಾಸನಾಳಕ್ಕೂ ಕುತ್ತು. ದಿನಾ ಅದರಲ್ಲೇ ಓಡಾಡುವ ಯಜಮಾನರ ಮೂಗು ಅಷ್ಟರಲ್ಲಿ ರಾಜಿಯಾಗಿರುತ್ತದೆ. ಅವರ ಮೂಗು ನೆಲದಿಂದ ಐದಡಿ ಮೇಲಿದೆ, ಕೋಳಿಯದ್ದು ನೆಲಕ್ಕೆ ಹಾಸಿದ ಹೊಟ್ಟಿಗೆ ತಾಗಿಕೊಂಡಿದೆ. ಕುಕ್ಕರುಗಾಲಲ್ಲಿ ಕೂತು ಆ ಎತ್ತರಕ್ಕೆ ಬಗ್ಗಿ ಒಂದು ನಿಮಿಷ ಉಸಿರಾಡಿ ನೋಡಿ ಸ್ವಾಮೀ. ಇನ್ನು ಕೆಲವರು ‘ಪಾಪ, ಚಳಿ’ ಎಂದು ಗಾಳಿಕಿಂಡಿಗಳಿಗೆಲ್ಲ ಬಟ್ಟೆ ತುರುಕುತ್ತಾರೆ. ಮೈತುಂಬ ಪುಕ್ಕ ಹೊದ್ದ ಪ್ರಾಣಿಗೆ ಬೇಕಾದದ್ದು ಒಣಗಿದ ನೆಲ, ತಲೆಯ ಮೇಲೆ ಹಾದುಹೋಗುವ ಗಾಳಿ.

ಲೇಸಿನ ಪರದೆಯನ್ನು ನಿಜವಾಗಿ ಮೆಚ್ಚುವವರು ಯಾರೆಂದರೆ ಕೋಳಿಯ ಕೆಂಪು ನುಸಿಗಳು (ರೆಡ್ ಮೈಟ್). ಹಗಲು ಮಡಿಕೆಯಲ್ಲೋ ಮರದ ಸಂದಿಯಲ್ಲೋ ಅಡಗಿ, ರಾತ್ರಿ ಬಂದು ರಕ್ತ ಹೀರಿ ವಾಪಸು ಹೋಗುವ ಶಿಸ್ತಿನ ಜೀವಿಗಳು. ಗೂಡು ಖಾಲಿ ಬಿಟ್ಟರೂ ತಿಂಗಳುಗಟ್ಟಲೆ ಉಪವಾಸ ಕಾಯುತ್ತವೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಅಡ್ಡಕೋಲು ಗೋಡೆಗೆ ಸೇರುವ ಸಂದಿಯಲ್ಲಿ ಒಂದು ಬಿಳಿ ಕಾಗದ ಒತ್ತಿ ಎಳೆಯಿರಿ. ಕಾಗದದ ಮೇಲೆ ರಕ್ತದ ಗೆರೆ ಮೂಡಿದರೆ, ನಿಮ್ಮ ಅರಮನೆಯಲ್ಲಿ ಬಾಡಿಗೆ ಕೊಡದ ಸಾವಿರಾರು ಒಕ್ಕಲು ಇದ್ದಾರೆ ಎಂದು ತಿಳಿಯಿರಿ.

ಈ ಗೂಡುಗಳನ್ನು ಪ್ರಾಮಾಣಿಕವಾಗಿ ತಪಾಸಣೆ ಮಾಡುವವನು ಒಬ್ಬನೇ, ಮುಂಗುಸಿ. ಶಿಫಾರಸು ಕೇಳುವುದಿಲ್ಲ, ನಾಮಫಲಕ ಓದುವುದಿಲ್ಲ, ನೇರ ಮೂಲೆಯ ಸಂದಿಗೆ ಬರುತ್ತಾನೆ. ಆರು ಮೂಲೆಯ ತೆಳು ಕೋಳಿ ಜಾಲರಿ ಸುತ್ತಿಬಿಟ್ಟು ‘ಸೇಫ್’ ಎಂದು ನಿದ್ದೆ ಹೋಗುವವರನ್ನು ಕಂಡರೆ ಅವನಿಗೆ ಪರಮಪ್ರೀತಿ. ಆ ಜಾಲರಿ ಕೋಳಿ ಆಚೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ. ಹಲ್ಲು ಹಾಕಿ ಜಗ್ಗಿದರೆ ಹರಿದು ಬರುತ್ತದೆ. ಬೇಕಾದದ್ದು ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್ ಎಂಬ ಬೆಸುಗೆಯ ಗಟ್ಟಿ ಜಾಲರಿ, ಅದೂ ಅಡಿಯಷ್ಟು ಅಗಲ ನೆಲದ ಮೇಲೆ ಹೊರಕ್ಕೆ ಚಾಚಿರಬೇಕು, ಬುಡ ತೋಡುವವನ ಉಗುರಿಗೆ ಅದೇ ಸಿಗಬೇಕು. ರಕೂನ್ ಎಂಬ ಕೈಚಳಕದ ಅಮೆರಿಕದ ಪ್ರಾಣಿ ಇರುವ ಕಡೆ ಬರೀ ಚಿಲಕವೂ ಸಾಲದು, ಅದು ಬೆರಳು ಹಾಕಿ ತೆಗೆಯುತ್ತದೆ. ರಾತ್ರಿ ಮೇವಿನ ತಟ್ಟೆಯನ್ನು ಹೊರಗೇ ಬಿಟ್ಟರೆ ಇಲಿ ಹೆಗ್ಗಣಗಳಿಗೆ ಔತಣ, ಮುಚ್ಚಿಗೆಯಿಲ್ಲದ ಅಂಗಳದಲ್ಲಿ ಚೆಲ್ಲಿದರೆ ಕಾಡುಹಕ್ಕಿಗಳಿಗೆ. ಹಕ್ಕಿಜ್ವರ ಅವುಗಳ ಜೊತೆಗೇ ಬಂದೀತು.

ವರ್ಷಕ್ಕೊಮ್ಮೆ ಕೆಲವರಿಗೆ ಸ್ವಚ್ಛತೆಯ ಆವೇಶ ಬರುತ್ತದೆ. ಹಿಕ್ಕೆಯ ರಾಶಿಯ ಮೇಲೇ ಬ್ಲೀಚ್ ಸುರಿಯುತ್ತಾರೆ. ಬ್ಲೀಚಿಗೂ ಅಮೋನಿಯಾಕ್ಕೂ ಭೇಟಿಯಾದರೆ ಹುಟ್ಟುವುದು ವಿಷಾನಿಲ. ಕೋಳಿ ಕೆಮ್ಮುತ್ತದೆ, ಯಜಮಾನರೂ ಕೆಮ್ಮುತ್ತಾರೆ, ರೋಗಾಣು ಹಿಕ್ಕೆಯೊಳಗೆ ಆರಾಮ. ಮೊದಲು ಕೆರೆದು ತೆಗೆದು, ಸೋಪು ನೀರಲ್ಲಿ ಉಜ್ಜಿ ತೊಳೆದು, ಆಮೇಲೆ ರೋಗಾಣುನಾಶಕ. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಅಂತೂ ಮಾಮೂಲಿ ರೋಗಾಣುನಾಶಕಕ್ಕೆ ಸೊಪ್ಪು ಹಾಕುವುದಿಲ್ಲ. ಅದು ಬಲಿಯಲು ಬೇಕಿರುವುದು ಒದ್ದೆ ಹೊಟ್ಟು. ನೀರಿನ ಬಟ್ಟಲಿನ ಸುತ್ತ ಕಚಪಚ ಎನ್ನುವ ಆ ಒಂದಡಿ ಜಾಗ ಸಾಕು, ಒಂದೆರಡು ದಿನದಲ್ಲಿ ಸೋಂಕು ತಯಾರು.

ಇಷ್ಟು ಹೊತ್ತು ನಗುತ್ತಾ ಬರೆದೆ. 2020ರಲ್ಲಿ, ಮನೆಯಲ್ಲಿ ಕೂತವರೆಲ್ಲ ಕೋಳಿ ತಂದ ವರ್ಷ, ಹಿತ್ತಲ ಕೋಳಿಗಳಿಂದ ಸಾಲ್ಮೊನೆಲ್ಲಾ ತಗುಲಿದವರು ಅಮೆರಿಕವೊಂದರಲ್ಲೇ 1,722 ಮಂದಿ ಎಂದು ಸಿಡಿಸಿ ಎಣಿಸಿತು. ಪರೀಕ್ಷೆಗೇ ಹೋಗದವರು ಆ ಲೆಕ್ಕದಲ್ಲಿಲ್ಲ. ಲೆಕ್ಕಕ್ಕೆ ಸಿಕ್ಕವರಲ್ಲಿ ಐದು ವರ್ಷ ತುಂಬದ ಕೂಸುಗಳೂ ಇದ್ದವು. ಮುತ್ತಿಟ್ಟವರು ದೊಡ್ಡವರು. ಗೂಡಿಗೆ ಹೋದ ಚಪ್ಪಲಿಯಲ್ಲೇ ಅಡುಗೆಮನೆಗೆ ಬಂದವರೂ ದೊಡ್ಡವರೇ. ಗೂಡಿನ ಕೆಲಸಕ್ಕೊಂದು ಜೊತೆ ಚಪ್ಪಲಿ ಹೊರಗಿಡಿ, ಕೈಯನ್ನು ಸೋಪು ಹಾಕಿ ತೊಳೆಯಿರಿ, ಚಿಕ್ಕ ಮಕ್ಕಳ ಕೈಗೆ ಮರಿ ಕೊಡಬೇಡಿ. ಇಷ್ಟನ್ನು ಎಷ್ಟು ಸಲ, ಎಷ್ಟು ಜನ ಹೇಳಬೇಕು? ಕೋಳಿ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಹಾಕುತ್ತಲೇ ಇರುತ್ತದೆ. ‘ನಮ್ಮ ಕೋಳಿ ಚೆನ್ನಾಗೇ ಇದೆ’ ಎಂಬ ಸರ್ಟಿಫಿಕೇಟು ಕೇಳಿ ಕೇಳಿ ಸಾಕಾಗಿದೆ.

ವಾಂತಿಭೇದಿಯಾದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದಾಗ ‘ಮನೆಯಲ್ಲಿ ಕೋಳಿ ಇದೆಯಾ?’ ಎಂದು ಡಾಕ್ಟರು ಕೇಳಿದರೆ, ಇದೆ ಎನ್ನಿ. ಮೊಬೈಲ್ ತೆಗೆದು ಗೂಡಿನ ವಿಡಿಯೋ ತೋರಿಸಲು ಹೋಗಬೇಡಿ.