ಅವಳು ಎಡಚಿ ಆಗಿರಲಿಲ್ಲ

ನನ್ನ ತಂಗಿಯ ಮಗಳಿಗೆ ಆಗ ಏಳು ತಿಂಗಳು. ಅಂಗಾತ ಮಲಗಿದ್ದಳು. ಬಲಗೈ ಪಕ್ಕದಲ್ಲೇ ಗಿಲಕಿ ಇಟ್ಟೆ. ಅವಳು ಎಡಗೈಯನ್ನು ಎದೆ ಮೇಲಿಂದ ದಾಟಿಸಿ ತಂದು ಅದನ್ನು ಹಿಡಿದಳು. ಬಲಗೈ ಮುಷ್ಟಿ ಕಟ್ಟಿಕೊಂಡೇ ಇತ್ತು, ಹೆಬ್ಬೆರಳು ಒಳಗೆ. "ಎಡಚಿ ಆಗ್ತಾಳೆ ನೋಡು" ಅಂತ ಎಲ್ಲರೂ ನಕ್ಕೆವು. ನಾನು ವಿಡಿಯೋ ಕೂಡ ಮಾಡಿಕೊಂಡೆ.

ವರ್ಷ ತುಂಬುವ ಮೊದಲು ಮಕ್ಕಳು ಸಾಮಾನ್ಯವಾಗಿ ಎಡಚರೂ ಅಲ್ಲ, ಬಲಗೈಯವರೂ ಅಲ್ಲ. ಆಟಿಕೆ ಯಾವ ಕಡೆ ಇದೆಯೋ ಆ ಕಡೆಯ ಕೈ ಚಾಚುತ್ತವೆ. ಇಷ್ಟು ಬೇಗ ಒಂದೇ ಕೈ ಓಡುತ್ತಿದೆ ಅಂದರೆ ಇನ್ನೊಂದು ಕೈಗೆ ಏನಾಗಿದೆ ಅಂತ ಕೇಳಬೇಕಿತ್ತು. ನಮಗೆ ಗೊತ್ತಿರಲಿಲ್ಲ.

ಅವಳಿಗೆ ಇದ್ದದ್ದು ಸೆರೆಬ್ರಲ್ ಪಾಲ್ಸಿ. ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗಿ ಮೈ-ಕೈಕಾಲಿನ ಚಲನೆ ಕೆಡುವುದು. ಹೆರಿಗೆ ಸಲೀಸಾಗಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಪೆಟ್ಟು ಗರ್ಭದಲ್ಲಿದ್ದಾಗಲೇ ಬಿದ್ದಿರಬಹುದು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇದು ಜಾಸ್ತಿ. ಅಂಥ ಮಕ್ಕಳ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ಡಾಕ್ಟರು ಕೊಟ್ಟಿದ್ದ ತಾರೀಖಿನಿಂದ ಎಣಿಸಬೇಕು.

ಬಟ್ಟೆ ಬದಲಿಸುವ ಹೊತ್ತು ಬಹಳಷ್ಟು ಹೇಳುತ್ತದೆ. ತೊಡೆ ಅಗಲಿಸಲು ಬಿಡದಷ್ಟು ಬಿಗಿಯೇ? ಎತ್ತಿಕೊಂಡರೆ ಕಾಲುಗಳು ಕತ್ತರಿ ಹಾಕಿಕೊಳ್ಳುತ್ತವೆಯೇ? ಬಿಗಿ ಮಾತ್ರ ಅಲ್ಲ, ಮೈಯೆಲ್ಲ ಬಟ್ಟೆ ಗೊಂಬೆ ಥರ ಜೋಲುತ್ತಿದ್ದರೂ ತೋರಿಸಿ. ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ ಕಾಯಬೇಡಿ. ಮಗು ಚೆನ್ನಾಗಿ ನಗುತ್ತಿದೆ ಅಲ್ವಾ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಇವಳೂ ಎಲ್ಲರನ್ನೂ ನೋಡಿ ನಗುತ್ತಿದ್ದಳು. ಕಲಿತದ್ದನ್ನು ಮಗು ಮರೆಯುತ್ತಾ ಹೋದರೆ ಅದು ಬೇರೆಯೇ ಕಾಯಿಲೆ ಇರಬಹುದು, ತಕ್ಷಣ ಓಡಿ.

"ಕೆಲವು ಮಕ್ಕಳು ನಿಧಾನ, ವರ್ಷ ತುಂಬಲಿ" ಅಂದರು ಮೊದಲು ನೋಡಿದ ಡಾಕ್ಟರು. ನನಗೆ ಸಿಟ್ಟಿರುವುದು ಈ ಮಾತಿನ ಮೇಲೆ. 2017ರಲ್ಲೇ ಬೇರೆ ಬೇರೆ ದೇಶಗಳ ತಜ್ಞರು ಸೇರಿ, ಎಷ್ಟೋ ಮಕ್ಕಳಲ್ಲಿ ಆರು ತಿಂಗಳೊಳಗೇ ಇದನ್ನು ಪತ್ತೆ ಹಚ್ಚಬಹುದು ಅಂತ ಬರೆದಿದ್ದಾರೆ. ಮೂರರಿಂದ ಐದು ತಿಂಗಳ ಮಗು ಎಚ್ಚರವಾಗಿ, ಖುಷಿಯಾಗಿ ಮಲಗಿದ್ದಾಗ ಕತ್ತು, ಮಣಿಕಟ್ಟು, ಪಾದಗಳಲ್ಲಿ ಸಣ್ಣಸಣ್ಣ ಚಲನೆ ಸುಮ್ನೆ ಆಡುತ್ತಲೇ ಇರುತ್ತದೆ. ಅದು ಕಾಣದಿದ್ದರೆ ತರಬೇತಿ ಪಡೆದವರ ಕಣ್ಣಿಗೆ ದೊಡ್ಡ ಸುಳಿವು. ಮಿದುಳಿನ ಪೆಟ್ಟು ಮಾಯವಾಗುವುದಿಲ್ಲ, ನಿಜ. ಆದರೆ ಆ ವಯಸ್ಸಿನ ಮಿದುಳು ಬೇಗ ಹೊಸ ದಾರಿ ಹುಡುಕಿಕೊಳ್ಳುತ್ತದೆ. ಓಡುವ ಕೈಗೆ ದಿನಾ ಸ್ವಲ್ಪ ಹೊತ್ತು ಮೆತ್ತನೆ ಕೈಗವಸು ತೊಡಿಸಿ, ಇನ್ನೊಂದು ಕೈಯನ್ನು ಆಟಕ್ಕೆಳೆಯುವುದನ್ನು ಥೆರಪಿಸ್ಟ್ ನಮಗೆ ಕಲಿಸಿದರು. ಅದನ್ನು ಐದು ತಿಂಗಳು ಮೊದಲೇ ಶುರು ಮಾಡಬಹುದಿತ್ತು.

ಎರಡನೇ ಡಾಕ್ಟರಿಗೆ ಆ ಹಳೆಯ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. ಆಮೇಲೆ ಮಗುವಿನ ಎಡಗೈಯನ್ನು ಮೆಲ್ಲಗೆ ಹಿಡಿದುಕೊಂಡು ಬಲಗಡೆ ಗಿಲಕಿ ಆಡಿಸಿದರು. ಬಲಗೈ ಅಲುಗಿತು, ಮುಷ್ಟಿ ಬಿಚ್ಚಲಿಲ್ಲ. ಫೋನಿನಲ್ಲಿ ನಾವೆಲ್ಲ ನಗುತ್ತಿದ್ದ ಸದ್ದು ಇನ್ನೂ ಕೇಳಿಸುತ್ತಿತ್ತು.