ಸತ್ಯಾಂಶ: 9 ವೋಲ್ಟ್ ಬ್ಯಾಟರಿಯಿಂದ ರೋಬೋಟ್‌ಗೆ ಬಲ ಹೆಚ್ಚುತ್ತದೆಯೇ?

ಆಯತಾಕಾರದ ಪುಟ್ಟ 9 ವೋಲ್ಟ್ ಬ್ಯಾಟರಿ ಹಾಕಿದರೆ ಸ್ಪರ್ಧೆಯ ರೋಬೋಟ್ ಜೋರಾಗಿ ಓಡುತ್ತದೆ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು. ವೋಲ್ಟೇಜ್ ಹೆಚ್ಚಿದ್ದರೂ ಆ ಬ್ಯಾಟರಿಯ ಒಳರೋಧವೂ (ಒಳಗೇ ಕರೆಂಟ್‌ಗೆ ಎದುರಾಗುವ ತಡೆ) ಹೆಚ್ಚು. ಚಕ್ರ ತಿರುಗಿಸುವ ಎರಡು ಗೇರ್ ಮೋಟಾರ್‌ಗಳು ಹೊರಡುವ ಕ್ಷಣದಲ್ಲಿ 1 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಎಳೆಯಬಹುದು. ಆಗ ವೋಲ್ಟೇಜ್ ಕುಸಿದು, ರೋಬೋಟ್ ನಡೆಸುವ ಕಂಟ್ರೋಲರ್ ಬೋರ್ಡ್ ರೀಸೆಟ್ ಆಗಬಹುದು, ಅಂದರೆ ಕೆಲಸ ನಿಲ್ಲಿಸಿ ಮೊದಲಿನಿಂದ ಶುರುವಾಗಬಹುದು. ಮಕ್ಕಳು ಪಾಪ, ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ.

ನೀವೇ ಪರೀಕ್ಷಿಸಬಹುದು. ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಬ್ಯಾಟರಿಯ ಎರಡೂ ತುದಿಗೆ ಹಿಡಿದು ಮೋಟಾರ್ ಚಾಲೂ ಮಾಡಿ. ಚಕ್ರವನ್ನು ಒಂದೇ ಕ್ಷಣ ಬೆರಳಿನಿಂದ ತಡೆದು, ವೋಲ್ಟೇಜ್ ಎಷ್ಟು ಇಳಿಯಿತು ನೋಡಿ. ಬಳಿಕ ಆರು ಎಎ (ಪೆನ್ಸಿಲ್) ಸೆಲ್‌ಗಳನ್ನು ಸರಣಿಯಲ್ಲಿ, ಅಂದರೆ ಒಂದರ ಪ್ಲಸ್ ತುದಿಗೆ ಮುಂದಿನದರ ಮೈನಸ್ ತುದಿ ಬರುವಂತೆ, ಜೋಡಿಸಿ ಅದನ್ನೇ ಮಾಡಿ. ಅವೂ 9 ವೋಲ್ಟ್ ಕೊಡುತ್ತವೆ, ಆದರೆ ಇಳಿಕೆ ಬಹಳ ಕಡಿಮೆ. ಮೋಟಾರ್‌ನ ಮಿತಿ 6 ವೋಲ್ಟ್ ಇದ್ದರೆ ನಾಲ್ಕೇ ಸೆಲ್ ಹಾಕಿ.